ಬ್ಯಾಟರಿಯ ತಂತಿಯನ್ನು ಎಲ್ಲಿ ಕಡಿಯಬೇಕು?

2020ನೆಯ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಾಗ ನಮ್ಮ ಕಾರೂ ನಿಂತಲ್ಲೇ ನಿಂತಿತು. ಐದು ವಾರ ದಾಟಿದ ಮೇಲೆ ಬೀಗದ ಕೈ ತಿರುಗಿಸಿದರೆ 'ಟಕ್' ಎಂಬ ಸದ್ದಿನ ಹೊರತು ಮತ್ತೇನೂ ಇಲ್ಲ! ದೀಪವನ್ನು ಯಾರೂ ಉರಿಸಿರಲಿಲ್ಲ. ಆದರೆ ಗಡಿಯಾರ, ಕಳ್ಳರನ್ನು ಎಚ್ಚರಿಸುವ ಗಂಟೆ, ಎಂಜಿನ್ನಿನ ನಿಯಂತ್ರಕ ಇವೆಲ್ಲ ನಿಂತ ಕಾರಿನಲ್ಲಿಯೂ ವಿದ್ಯುತ್ತನ್ನು ಹನಿಹನಿಯಾಗಿ ಹೀರುತ್ತಲೇ ಇರುತ್ತವೆ. ಈ ಸೋರಿಕೆ 40 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 1 ಆಂಪಿಯರ್-ಗಂಟೆಯಾಯಿತು. 35 ಆಂಪಿಯರ್-ಗಂಟೆಯ ಬ್ಯಾಟರಿ ಐದು ವಾರಗಳಲ್ಲಿ ಬರಿದಾಗುತ್ತದೆ. ತರಗತಿಯಲ್ಲಿ ನಾವೇ ಮಾಡಿಸುವ ಲೆಕ್ಕವಿದು.

ಸಂಚಾರ ಸಡಿಲವಾದ ಮೇಲೆ ಸಂಪರ್ಕ ಕಡಿಯುವ ಸ್ವಿಚ್ಚೊಂದನ್ನು ಕೊಂಡು, ಧನಧ್ರುವದ ತಂತಿಗೆ ಹಾಕಹೊರಟೆವು. ಪರಿಚಯದ ಮೆಕ್ಯಾನಿಕ್ ತಡೆದರು: "ಮೈನಸ್‌ಗೆ ಹಾಕಿ ಮೇಷ್ಟ್ರೇ." ಮಂಡಲವನ್ನು ಎಲ್ಲಿ ಕಡಿದರೂ ಪ್ರವಾಹ ನಿಲ್ಲುತ್ತದೆಯಲ್ಲವೆ ಎಂದು ನಾವು ವಾದಿಸಿದೆವು. "ನಿಲ್ಲುತ್ತೆ. ಸ್ಪ್ಯಾನರ್ ತಗಲಿದಾಗ ನೋಡಿ" ಎಂದರು ಅವರು.

ಅವರ ಮಾತೇ ಸರಿ. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣಧ್ರುವವನ್ನು ಕಾರಿನ ಲೋಹದ ಮೈಗೆ ಬಿಗಿದಿರುತ್ತಾರೆ. ಧನಧ್ರುವದ ತಂತಿಯಲ್ಲಿ ಸ್ವಿಚ್ಚು ಇಟ್ಟು ಆರಿಸಿದರೂ ಆ ಧ್ರುವದ ತಲೆ ಜೀವಂತವಾಗಿಯೇ ಉಳಿಯುತ್ತದೆ. ಅದರ ನಟ್ಟನ್ನು ತಿರುಗಿಸುವ ಸ್ಪ್ಯಾನರ್ ಕಾರಿನ ಮೈಗೆ ತಗಲಿತೆಂದರೆ ಮಂಡಲ ಪೂರ್ಣವಾಯಿತು. ಬ್ಯಾಟರಿಯ ಅಂತರ್ರೋಧವೂ ಸ್ಪ್ಯಾನರಿನ ರೋಧವೂ ಸೇರಿ 0.02 ಓಮ್ ಎಂದುಕೊಂಡರೆ 12 ವೋಲ್ಟಿಗೆ 600 ಆಂಪಿಯರ್! ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಆಗತಾನೆ ಚಾರ್ಜ್ ಆದ ಬ್ಯಾಟರಿಯ ಬಳಿ ಹೈಡ್ರೊಜನ್ ನಿಂತಿದ್ದರೆ ಒಂದು ಕಿಡಿ ಸಾಕು, ಸ್ಫೋಟವೇ ಆಗಬಹುದು. ಮೈಗೆ ಹೋಗುವ ತಂತಿಯನ್ನೇ ಕಡಿದರೆ ಅದೇ ಸ್ಪ್ಯಾನರ್ ಎಲ್ಲಿ ತಗಲಿದರೂ ಪ್ರವಾಹಕ್ಕೆ ಹಿಂದಿರುಗುವ ದಾರಿಯಿಲ್ಲ. ಎರಡು ಧ್ರುವಗಳನ್ನೂ ಒಟ್ಟಿಗೆ ಮುಟ್ಟಿಸದಿದ್ದರೆ ಸರಿ. (ಧನಧ್ರುವವನ್ನು ಮೈಗೆ ಬಿಗಿದ ಹಳೆಯ ಇಂಗ್ಲಿಷ್ ಕಾರುಗಳೂ ಇವೆ, ಅಲ್ಲಿ ಕಡಿಯಬೇಕಾದದ್ದು ಧನಧ್ರುವವನ್ನೇ.)

ಮನೆಯಲ್ಲಿ ಸ್ವಿಚ್ಚನ್ನು ಜೀವಂತ ತಂತಿಗೇ ಹಾಕುತ್ತಾರಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅಲ್ಲಿ ವಿದ್ಯುತ್ತಿನ ಮೂಲ ಎಲ್ಲೋ ದೂರದಲ್ಲಿ ನೆಲಕ್ಕೆ ಕಟ್ಟಲ್ಪಟ್ಟಿದೆ, ನಾವೂ ಅದೇ ನೆಲದ ಮೇಲೆ ನಿಂತಿದ್ದೇವೆ; ಆ ಕಟ್ಟನ್ನು ಬಿಚ್ಚುವುದು ನಮ್ಮ ಕೈಯಲ್ಲಿಲ್ಲ. ಕಾರಿನಲ್ಲಿ ಅದು ನಮ್ಮ ಕೈಯಲ್ಲಿದೆ. ಇಷ್ಟು ಸೊಗಸಾದ ವಿಚಾರವನ್ನು ಬಿಟ್ಟು, ಹಾಳೆಯ ಮೇಲೆ ಎಲ್ಲೋ ಒಂದು ಕಡೆ ಕೀಲಿಯ ಚಿಹ್ನೆ ಬರೆಸಿ ಅಂಕ ಕೊಡುತ್ತಿದ್ದೇವೆ. ನಮ್ಮ ಪ್ರಯೋಗಶಾಲೆಗೆ ಹಳೆಯ ಕಾರೊಂದರ ಬ್ಯಾಟರಿಯೂ ತಗಡಿನ ತುಂಡೂ ಬರಬೇಕೆಂಬುದು ನಮ್ಮ ಹಠ.

ಅಗ್ಗದ ಸ್ವಿಚ್ಚು ಮಾತ್ರ ಬೇಡ. ಎಂಜಿನ್ ಎಬ್ಬಿಸುವಾಗ ಹರಿಯುವ 150 ಆಂಪಿಯರಿಗೆ 0.01 ಓಮ್ ಅಡ್ಡ ಬಂದರೂ 1.5 ವೋಲ್ಟ್ ನಷ್ಟ, 225 ವ್ಯಾಟ್ ಬಿಸಿ. ಎಂಜಿನ್ ಓಡುತ್ತಿರುವಾಗ ಈ ಸ್ವಿಚ್ಚನ್ನು ಮುಟ್ಟಲೂ ಬಾರದು; ಬ್ಯಾಟರಿಯ ಆಸರೆ ತಪ್ಪಿದ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೆ ನೆಗೆದು ಎಲೆಕ್ಟ್ರಾನಿಕ್ ಭಾಗಗಳನ್ನು ಸುಡಬಲ್ಲದು.

ನಮ್ಮ ಸ್ವಿಚ್ಚು ಈಗ ಮೈನಸ್ಸಿನಲ್ಲಿದೆ. ಪ್ರತಿ ರಜೆಯ ಅನಂತರ ಗಡಿಯಾರವನ್ನು ತಿದ್ದುವ ಕೆಲಸವೊಂದು ಹೆಚ್ಚಾಗಿದೆ, ಅಷ್ಟೆ.