ಮರಳು ಮುಟ್ಟಿದ ಕೈ

ಯುದ್ಧದ ಸುದ್ದಿಯನ್ನು ಫೋನಿನಲ್ಲಿ ಕೇಳಿಕೊಂಡೂ ಬರೆಯಬಹುದು. ಚಿತ್ರವನ್ನು ಹಾಗೆ ತೆಗೆಯಲಾಗದು. ಫೋಟೋ ಪತ್ರಕರ್ತ ಅಲ್ಲಿಯೇ ಇರಬೇಕು. ರಾಯಿಟರ್ಸ್ ಸುದ್ದಿಸಂಸ್ಥೆಯ ದಾನಿಶ್ ಸಿದ್ದೀಕಿ ಅವರ ಬದುಕು ಮತ್ತು ಸಾವು ಎರಡೂ ಈ ಮಾತಿಗೆ ಕಟ್ಟುಬಿದ್ದಿದ್ದವು.

1983ರಲ್ಲಿ ಹುಟ್ಟಿದ ದಾನಿಶ್ ಓದಿದ್ದು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ. ಮೊದಲು ಅರ್ಥಶಾಸ್ತ್ರ, ಆಮೇಲೆ ಸಮೂಹ ಸಂವಹನ. ಕೆಲಕಾಲ ಟಿ.ವಿ. ವರದಿಗಾರರಾಗಿದ್ದು, 2010ರಲ್ಲಿ ರಾಯಿಟರ್ಸ್ ಸೇರಿ ಕ್ಯಾಮೆರಾ ಹಿಡಿದರು. 2015ರ ನೇಪಾಳ ಭೂಕಂಪ, ಇರಾಕಿನ ಮೊಸುಲ್ ಕಾಳಗ, ಹಾಂಗ್‌ಕಾಂಗ್ ಪ್ರತಿಭಟನೆ ಅವರ ಕ್ಯಾಮೆರಾದಲ್ಲಿ ದಾಖಲಾದವು.

ಅವರ ಹೆಸರು ಜಗತ್ತಿಗೆ ತಿಳಿದದ್ದು ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಂದ. 2017ರ ಸೆಪ್ಟೆಂಬರ್ 11ರಂದು ಬಾಂಗ್ಲಾದೇಶದ ಶಾ ಪೊರೀರ್ ದ್ವೀಪದಲ್ಲಿ ತೆಗೆದ ಚಿತ್ರವೊಂದರಲ್ಲಿ, ಮ್ಯಾನ್ಮಾರ್‌ನಿಂದ ದೋಣಿಯಲ್ಲಿ ಬಂದಿಳಿದ ಹೆಂಗಸೊಬ್ಬಳು ದಣಿದು ನೀರಂಚಿನಲ್ಲಿ ಕುಸಿದಿದ್ದಾಳೆ; ಅವಳ ಕೈ ಒದ್ದೆ ಮರಳನ್ನು ಮುಟ್ಟುತ್ತಿದೆ. ಹಿಂದೆ ದೋಣಿ, ಗಂಟುಮೂಟೆ ಇಳಿಸುವವರು. ಅವರು ಬಿಟ್ಟುಬಂದ ಊರು ಸುಟ್ಟದ್ದು, ಜನ ಸತ್ತದ್ದು ಚೌಕಟ್ಟಿನೊಳಗಿಲ್ಲ. ನೆಲ ಸಿಕ್ಕಿತೇ ಎಂದು ತಡವಿ ನೋಡುವಂತಿರುವ ಆ ಕೈಯೇ ಅದನ್ನೆಲ್ಲ ಹೇಳುತ್ತದೆ. ಈ ಸರಣಿಗಾಗಿ ರಾಯಿಟರ್ಸ್ ತಂಡಕ್ಕೆ 2018ರ ಪುಲಿಟ್ಜರ್ ಪ್ರಶಸ್ತಿ ಬಂತು. ತಂಡದಲ್ಲಿ ದಾನಿಶ್ ಜೊತೆ ಅದ್ನಾನ್ ಅಬಿದಿಯೂ ಇದ್ದರು.

ಸುದ್ದಿಸಂಸ್ಥೆಯ ಚಿತ್ರ ಒಂಟಿಯಾಗಿ ಹೊರಡುವುದಿಲ್ಲ. ಯಾರು, ಎಲ್ಲಿ, ಯಾವ ದಿನ ಎಂಬ ಅಡಿಬರಹ ಅದರ ಬೆನ್ನಿಗಿರುತ್ತದೆ. ಆ ಸಾಲು ತಪ್ಪಿದರೆ ನಿಜವಾದ ಚಿತ್ರವೂ ಸುಳ್ಳಿಗೆ ಸಾಕ್ಷಿಯಾಗಬಹುದು. ಆದ್ದರಿಂದ ಕ್ಲಿಕ್ಕಿಸಿದಷ್ಟೇ ಎಚ್ಚರದಿಂದ ವಿವರ ಕೇಳಿ ಬರೆದುಕೊಳ್ಳುವುದೂ ಈ ವೃತ್ತಿಯ ಭಾಗ.

ದಾನಿಶ್ ಎದುರಿಸಿದ ಸಂಘರ್ಷ ಯಾವಾಗಲೂ ಗಡಿಯಾಚೆಯದೇ ಆಗಿರಲಿಲ್ಲ. 2020ರ ಜನವರಿ 30ರಂದು, ತಾವು ಓದಿದ ಜಾಮಿಯಾದ ಬಳಿಯೇ ಪ್ರತಿಭಟನಾಕಾರರತ್ತ ಪಿಸ್ತೂಲು ಎತ್ತಿದವನನ್ನು ಅವರು ಕ್ಯಾಮೆರಾದಲ್ಲಿ ಸೆರೆಹಿಡಿದರು. ಮುಂದಿನ ತಿಂಗಳ ದೆಹಲಿ ಗಲಭೆಯಲ್ಲಿ, ಸುತ್ತುವರಿದ ಗುಂಪಿನ ದೊಣ್ಣೆಗಳ ನಡುವೆ ತಲೆಗೆ ಕೈ ಅಡ್ಡ ಹಿಡಿದು ನೆಲಕ್ಕೆ ಬಾಗಿದ ಬಿಳಿ ಬಟ್ಟೆಯ ಮನುಷ್ಯನನ್ನು ಚಿತ್ರಿಸಿದರು. 2021ರ ಏಪ್ರಿಲ್‌ನಲ್ಲಿ ಮಾತ್ರ ಅವರು ದೂರದ ಎತ್ತರವನ್ನು ಆರಿಸಿಕೊಂಡರು: ಕೋವಿಡ್ಡಿನ ಎರಡನೇ ಅಲೆಯಲ್ಲಿ ದೆಹಲಿಯ ಸ್ಮಶಾನದಲ್ಲಿ ಸಾಲುಸಾಲಾಗಿ ಉರಿಯುತ್ತಿದ್ದ ಚಿತೆಗಳ ಲೆಕ್ಕ ಡ್ರೋನ್ ಕಣ್ಣಿಗಷ್ಟೇ ಸಿಗುವಂತಿತ್ತು.

ಅದೇ ವರ್ಷದ ಜುಲೈನಲ್ಲಿ ಅವರು ಆಫ್ಘನ್ ವಿಶೇಷ ಪಡೆಗಳ ಜೊತೆ ಕಂದಹಾರ್ ಪ್ರಾಂತ್ಯದಲ್ಲಿದ್ದರು. 13ರಂದು ಅವರಿದ್ದ ವಾಹನದ ಮೇಲೆ ರಾಕೆಟ್ ದಾಳಿ ನಡೆದರೂ ಅವರು ಪಾರಾದರು. ಪಾಕಿಸ್ತಾನದ ಗಡಿಗೆ ಅಂಟಿದ ಸ್ಪಿನ್ ಬೋಲ್ದಕ್ ಪಟ್ಟಣವನ್ನು ತಾಲಿಬಾನ್ ಹಿಡಿದಿತ್ತು. ಅದನ್ನು ಮರಳಿ ಪಡೆಯುವ ಕಾಳಗದಲ್ಲಿ, 16ರಂದು ದಾನಿಶ್ ಕೊಲ್ಲಲ್ಪಟ್ಟರು. ಆಗ ಅವರಿಗೆ 38 ವರ್ಷ.

ಕುಟುಂಬದ ಕೋರಿಕೆಯಂತೆ ಅವರನ್ನು ಜಾಮಿಯಾದ ಸ್ಮಶಾನದಲ್ಲೇ ಮಣ್ಣು ಮಾಡಲಾಯಿತು. ಕೋವಿಡ್ ಚಿತ್ರಗಳಿಗಾಗಿ 2022ರಲ್ಲಿ ಪುಲಿಟ್ಜರ್ ಮತ್ತೆ ಬಂದಾಗ ಅದ್ನಾನ್ ಅಬಿದಿ, ಸನ್ನಾ ಇರ್ಷಾದ್ ಮಟ್ಟೂ, ಅಮಿತ್ ದವೆ ಅವರ ಜೊತೆ ದಾನಿಶ್ ಹೆಸರೂ ವಿಜೇತರ ಪಟ್ಟಿಯಲ್ಲಿತ್ತು.