ಬಣ್ಣಕ್ಕೇಕೆ ಅಂಜಿಕೆ?

ಸೀರೆಯ ಅಂಗಡಿಯಲ್ಲಿ ನಮ್ಮ ಗೃಹಿಣಿಯರ ಧೈರ್ಯವನ್ನು ನೋಡಬೇಕು. ಸಾಸಿವೆ ಹಳದಿಯ ಒಡಲಿಗೆ ಕುಂಕುಮದ ಅಂಚು, ನವಿಲುಗೊರಳಿನ ನೀಲಿಗೆ ಕಿತ್ತಳೆಯ ಸೆರಗು, ಹೀಗೆ ಎದುರುಬದುರು ನಿಂತ ಎರಡು ಬಣ್ಣಗಳನ್ನು ಒಂದೇ ನೋಟದಲ್ಲಿ ಒಪ್ಪಿ, ಅಂಗಡಿಯವನು ಮಡಿಕೆ ಬಿಚ್ಚುವ ಮೊದಲೇ ‘ಅದನ್ನೇ ಕೊಡಿ’ ಎಂದುಬಿಡುತ್ತಾರೆ. ಅದೇ ಗೃಹಿಣಿ, ಮನೆಗೆ ಬಣ್ಣ ಬಳಿಸುವ ದಿನ ಬಂದಾಗ, ಪೇಂಟರು ತಂದಿಟ್ಟ ಪುಸ್ತಕದ ಸಾವಿರ ಚೌಕಗಳನ್ನು ಮಗುಚಿ ಮಗುಚಿ ನೋಡಿ, ಕೊನೆಗೆ ‘ಕೆನೆ ಬಣ್ಣವೇ ಇರಲಿ’ ಎಂದು ಪುಸ್ತಕ ಮುಚ್ಚುತ್ತಾರೆ. ಯಜಮಾನರು ‘ಅದೇ ಕ್ಷೇಮ’ ಎಂದು ತಲೆದೂಗುತ್ತಾರೆ. ಮಕ್ಕಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಈ ಅಂಜಿಕೆಗೆ ಕಾರಣವಿಲ್ಲವೆಂದಲ್ಲ. ಸೀರೆ ಹಿಡಿಸದಿದ್ದರೆ ಬೀರುವಿನ ತಳವನ್ನು ಸೇರುತ್ತದೆ. ಗೋಡೆಯನ್ನು ಮಡಿಸಿ ಒಳಗಿಡಲಾದೀತೆ? ಬಣ್ಣ, ಪುಟ್ಟಿ, ಕೂಲಿ ಎಲ್ಲವೂ ಸೇರಿ ಮಧ್ಯಮ ವರ್ಗದ ಸಂಸಾರಕ್ಕೆ ಅದೊಂದು ದೊಡ್ಡ ವೆಚ್ಚವೇ. ಆದರೆ ಗಾಢ ವರ್ಣವೆಂಬುದು ನಮ್ಮ ಮನೆಗಳಿಗೆ ನಿನ್ನೆ ಮೊನ್ನೆ ಬಂದ ಅತಿಥಿಯೆಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಒಪ್ಪಲಾಗದು.

ಹಳೆಯ ಮನೆಗಳನ್ನು ನೆನಪಿಗೆ ತಂದುಕೊಳ್ಳಿ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಉಜ್ಜಿ ಉಜ್ಜಿ ಹೊಳಪು ತಂದ ಕಾವಿ ನೆಲ. ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ, ಅದರ ಮೇಲೆ ಸುಣ್ಣದ ಬಿಳುಪು. ಎಣ್ಣೆಬಣ್ಣದ ಹಸುರು ಬಾಗಿಲು. ಹೊಸ್ತಿಲಿಗೆ ಅರಿಸಿನ, ಕುಂಕುಮ. ಇವುಗಳಲ್ಲಿ ಯಾವುದನ್ನು ತಾನೆ ಸೌಮ್ಯ ವರ್ಣವೆನ್ನಬಹುದು? ಆದರೂ ಅಂಥ ಮನೆಯೊಳಗೆ ಕಾಲಿಟ್ಟವರಿಗೆ ಕಣ್ಣು ತಂಪಾಗುತ್ತಿತ್ತೇ ಹೊರತು ಯಾವ ಗದ್ದಲವೂ ಕಾಣುತ್ತಿರಲಿಲ್ಲ. ಒಂದೊಂದು ಬಣ್ಣಕ್ಕೂ ಅದರದೇ ಆದ ಸ್ಥಳವಿತ್ತು ಎಂಬುದೇ ಇದರ ಗುಟ್ಟು. ಕಾಲು ತಾಗುವ, ನೀರು ಚಿಮ್ಮುವ ಕೆಳಭಾಗದಲ್ಲಿ ಕೆಂಪು. ಬೆಳಕನ್ನು ಹಂಚಬೇಕಾದ ಮೇಲ್ಭಾಗದಲ್ಲಿ ಬಿಳುಪು. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನು ಕೋಣೆಗೆ ಹಿಂದಿರುಗಿಸುತ್ತದೆ. ಕಡುಗೆಂಪು ಗೋಡೆ 20 ಪಾಲನ್ನೂ ಕೊಡುವುದಿಲ್ಲ. ಚಿಕ್ಕ ಕಿಟಕಿಗಳ ಆ ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ, ಆದರೆ ಎಲ್ಲರೂ ಪಾಲಿಸಿದರು.

ಇನ್ನೊಂದು ಸಂಗತಿಯೂ ಉಂಟು. ಸುಣ್ಣ ತೀಕ್ಷ್ಣವಾದ ಕ್ಷಾರ. ಎಲ್ಲ ಬಣ್ಣಗಳೂ ಅದರ ಸಹವಾಸವನ್ನು ತಾಳಲಾರವು. ಪ್ರಷ್ಯನ್ ನೀಲಿಯೆಂಬ ಸುಂದರವಾದ ಬಣ್ಣವನ್ನು ಸುಣ್ಣಕ್ಕೆ ಬೆರೆಸಿದರೆ ಅದು ಕೆಟ್ಟು ಕಂದಾಗುತ್ತದೆ. ಕಬ್ಬಿಣದ ಅಂಶವುಳ್ಳ ಕೆಮ್ಮಣ್ಣು, ಹಳದಿ ಮಣ್ಣು, ಬಟ್ಟೆಗೆ ಹಾಕುವ ನೀಲಿ ಮೊದಲಾದ ಕೆಲವು ಮಾತ್ರ ಬಾಳುತ್ತವೆ. ಆದ್ದರಿಂದ ಊರಿಗೆ ಊರೇ ಅದೇ ಮೂರು ನಾಲ್ಕು ಬಣ್ಣಗಳಲ್ಲಿ ಸಂಸಾರ ನಡೆಸುತ್ತಿತ್ತು. ಮನೆ ಮನೆಗೂ ತಾನೇ ತಾನಾಗಿ ಹೊಂದಿಕೆ ಇರುತ್ತಿತ್ತು. ಸುಣ್ಣವೇ ಹಿರಿಯಳಾಗಿ ನಿಂತು ಸೊಸೆಯಂದಿರನ್ನು ಆರಿಸುತ್ತಿತ್ತು ಎನ್ನಬಹುದು! ಇಂದಿನ ಎಮಲ್ಷನ್ ಬಣ್ಣಗಳಿಗೆ ಅಂಥ ಅತ್ತೆಯಿಲ್ಲ. ಅಂಗಡಿಯಲ್ಲಿ ಯಂತ್ರ ಕಲಸಿಕೊಡದ ಬಣ್ಣವಿಲ್ಲ. ಹಿಂದೆ ಸುಣ್ಣ ಮಾಡುತ್ತಿದ್ದ ಆಯ್ಕೆಯನ್ನು ಈಗ ನಾವು ಮಾಡಬೇಕಾಗಿದೆ. ಕೆನೆ ಬಣ್ಣವನ್ನು ಹೇಳಿ ತಪ್ಪಿಸಿಕೊಳ್ಳುವುದು ಆಯ್ಕೆಯಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲು ನೆನಪಿಡಬೇಕಾದದ್ದು, ಯಾವ ಬಣ್ಣವೂ ಒಂಟಿಯಾಗಿ ಬಾಳುವುದಿಲ್ಲ ಎಂಬುದನ್ನು. ಪ್ಯಾರಿಸಿನ ಗೋಬೆಲಿನ್ ನೆಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿಗೆ ಒಂದು ದೂರು ಬಂತು: ಕಪ್ಪು ದಾರಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲ, ನೆಯ್ದಾಗ ಮಂಕಾಗಿ ಕಾಣುತ್ತದೆ. ಆತ ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೆಯ್ದ ನೀಲಿ, ನೇರಿಳೆಗಳು ಕಪ್ಪಿನ ಸತ್ವವನ್ನು ಕಸಿದಿದ್ದವು. ಈ ಜಾಡನ್ನೇ ಹಿಡಿದು 1839ರಲ್ಲಿ ಆತ ಹೊರತಂದ ಗ್ರಂಥ ಚಿತ್ರಕಾರರಿಗೆಲ್ಲ ಪಾಠವಾಯಿತು. ನಮ್ಮ ಇಳಕಲ್ಲಿನ ನೇಕಾರರಿಗಂತೂ ಗ್ರಂಥ ಬೇಕಿರಲಿಲ್ಲ. ಕಡುನೀಲಿಯ ಒಡಲಿನ ಪಕ್ಕದಲ್ಲಿ ಕೆಂಪು ಸೆರಗು ಹೇಗೆ ಉರಿಯುತ್ತದೆಂದು ಅವರು ಮಗ್ಗದ ಮುಂದೆಯೇ ಕಂಡುಕೊಂಡಿದ್ದರು.

ಚಿತ್ರಕಾರರ ಮಾತು ಬಂದಿತಲ್ಲ, ಅವರಲ್ಲಿ ಒಬ್ಬನ ಮನೆಯನ್ನು ಇಣುಕಿ ನೋಡೋಣ. ಫ್ರಾನ್ಸಿನ ಕ್ಲೋದ್ ಮೊನೆ 1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಸಂಸಾರ ಸಮೇತ ಬಂದವನು 1926ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಆತನ ಊಟದ ಕೋಣೆ ಹಳದಿ. ಗೋಡೆ ಹಳದಿ, ಬೀರು ಹಳದಿ, ಕುರ್ಚಿಗಳೂ ಹಳದಿ, ಒಂದು ಹಳದಿಗಿಂತ ಇನ್ನೊಂದು ತುಸು ಹೆಚ್ಚು ಕಡಿಮೆ. ಅದರ ಪಕ್ಕದಲ್ಲೇ ಅಡಿಗೆಮನೆ. ಅಲ್ಲಿ ಗೋಡೆಯ ತುಂಬ ನೀಲಿ ಬಿಳಿ ಬಿಲ್ಲೆಗಳು. ಹಳದಿ ಕೋಣೆಯಲ್ಲಿ ಊಟಕ್ಕೆ ಕುಳಿತವರಿಗೆ ಬಾಗಿಲಿನ ಚೌಕಟ್ಟಿನೊಳಗೆ ನೀಲಿ ಕಾಣಬೇಕು. ಈ ಮನೆ ಈಗ ಸಾರ್ವಜನಿಕರಿಗೆ ತೆರೆದಿದೆ. ನಮ್ಮವರು ಪ್ರವಾಸ ಹೋದಾಗ ತೋಟದ ತಾವರೆಗೊಳವನ್ನು ನೋಡಿ ಹಿಂದಿರುಗದೆ, ಆ ಬಾಗಿಲ ಬಳಿ ಐದು ನಿಮಿಷ ನಿಲ್ಲುವುದು ಲೇಸು.

ನಮ್ಮ ಮನೆಗಳಲ್ಲಿ ನಾವು ಸಾಮಾನ್ಯವಾಗಿ ಒಂದೊಂದು ಕೋಣೆಗೂ ಪ್ರತ್ಯೇಕವಾಗಿ ಬಣ್ಣ ನಿಶ್ಚಯಿಸುತ್ತೇವೆ. ಮಗಳ ಕೋಣೆಗೆ ಗುಲಾಬಿ, ಮಗನದಕ್ಕೆ ನೀಲಿ, ಹಜಾರಕ್ಕೆ ಇನ್ನೇನೋ. ಮನೆಯಲ್ಲಿ ವಾಸಿಸುವವರಾದರೋ ಬಾಗಿಲುಗಳ ಮೂಲಕವೇ ನೋಡುತ್ತಿರುತ್ತಾರೆ. ಆದ್ದರಿಂದ ಬಣ್ಣದ ಪುಸ್ತಕ ತೆರೆಯುವ ಮೊದಲು ನೀವು ದಿನವೂ ಕೂರುವ ಕುರ್ಚಿಯಲ್ಲಿ ಕುಳಿತು, ಅಲ್ಲಿಂದ ಯಾವ ಯಾವ ಗೋಡೆಯ ತುಂಡು ಕಾಣುತ್ತದೆಂದು ಗಮನಿಸಿ. ಅವುಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಪೂರ್ಣ ಬಣ್ಣ ಕೊಡಿ. ಧೈರ್ಯ ಸಾಲದೆ ಅರ್ಧ ನೀರು ಬೆರೆಸಿದಂಥ ಬಣ್ಣವನ್ನು ನಾಲ್ಕೂ ಗೋಡೆಗೆ ಬಳಿಸುವುದಕ್ಕಿಂತ, ಕಡುನೀಲಿಯ ಒಂದೇ ಗೋಡೆ ಎಷ್ಟೋ ಗಂಭೀರ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಗೋಡೆ, ಕಂಬ, ಚಾವಣಿ ಎಲ್ಲೆಡೆಯೂ ಚಿತ್ರ ತುಂಬಿದೆಯಲ್ಲವೇ ಎಂದು ಕೇಳುವವರಿರಬಹುದು. ಅದು 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಗೆಯ ಅರಮನೆ; ಒಗೆದ ಬಟ್ಟೆ, ಮಕ್ಕಳ ಪುಸ್ತಕಚೀಲ ಯಾವುವೂ ಅಲ್ಲಿ ಬಿದ್ದಿರುವುದಿಲ್ಲ.

ಬೆಳಕಿನ ಪರೀಕ್ಷೆ ಆಮೇಲಿನ ಮಾತು. ಎರಡು ಅಡಿ ಚೌಕದ ರಟ್ಟಿಗೆ ಬೇಕಾದ ಬಣ್ಣವನ್ನು ಎರಡು ಸುತ್ತು ಬಳಿದು ಒಣಗಿಸಿ, ಗೋಡೆಗೆ ಒರಗಿಸಿಡಿ. ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಎರಡು ದಿನ ನೋಡಿ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲಿನಲ್ಲಿ ಕಿತ್ತಳೆ ಬಣ್ಣ ಬೆಂಕಿಯಾದೀತು. ಉತ್ತರದ ಕೋಣೆಯಲ್ಲಿ ಅದೇ ಬಣ್ಣ ಹಿತವಾದೀತು. ಬಿಳಿಯ ಎಲ್‌ಇಡಿ ದೀಪದ ಕೆಳಗೆ ಕಳೆಗುಂದಿದ ಕೆಂಪು, ಹಳದಿ ಛಾಯೆಯ ದೀಪದ ಕೆಳಗೆ ಜೀವ ತಳೆಯುತ್ತದೆ. ಕೆಲವೊಮ್ಮೆ ಬಣ್ಣಕ್ಕಿಂತ ಬಲ್ಬನ್ನು ಬದಲಿಸುವುದೇ ಅಗ್ಗ.

ಇಷ್ಟು ಹೊತ್ತು ಅಂದದ ಮಾತಾಯಿತು. ಆದರೆ ಗಾಢ ಬಣ್ಣ ಬರಿಯ ಅಲಂಕಾರವಲ್ಲ ಎಂಬುದು ಮನೆಯಲ್ಲಿ ವೃದ್ಧರಿರುವವರಿಗೆ ಬೇಗ ತಿಳಿಯುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ, ತಿಳಿ ಬಣ್ಣಗಳ ನಡುವಣ ಭೇದ, ಅದರಲ್ಲೂ ನೀಲಿ ಹಸುರುಗಳ ಭೇದ, ಮಸುಕಾಗುತ್ತದೆ. ಕೆನೆ ಗೋಡೆ, ಕೆನೆ ಬಾಗಿಲು, ಕೆನೆ ನೆಲಹಾಸಿನ ಅಂದವಾದ ಫ್ಲ್ಯಾಟಿನಲ್ಲಿ ಎಪ್ಪತ್ತೈದರ ಅಜ್ಜಿಗೆ ನಡುರಾತ್ರಿ ಬಚ್ಚಲುಮನೆಯ ಬಾಗಿಲು ಎಲ್ಲಿದೆಯೆಂದು ಕಾಣುವುದಿಲ್ಲ. ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಬಚ್ಚಲುಮನೆಯ ಬಾಗಿಲಿಗೆ ಕಡುಗೆಂಪೋ ಕಡುನೀಲಿಯೋ ಬಳಿಸಿ; ಪ್ರತಿ ಮೆಟ್ಟಿಲಿನ ಅಂಚಿಗೆ ನೆಲಕ್ಕೆ ಎದುರಾದ ಬಣ್ಣದ ಎರಡಂಗುಲ ಪಟ್ಟಿ ಹಾಕಿಸಿ. ಅರಿಸಿನ ಬಳಿದ ಹೊಸ್ತಿಲನ್ನು ಎಡವಿದವರು ಕಡಿಮೆ. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುವುದು, ಎದ್ದು ಓಡಾಡುತ್ತಿದ್ದವರು ಹಾಸಿಗೆ ಹಿಡಿಯುವುದು ಎಷ್ಟು ಮನೆಗಳ ಕಥೆಯಾಗಿಲ್ಲ!

ಚಿಕ್ಕ ಮಕ್ಕಳಿರುವ ಮನೆಗೆ ಬೇರೊಂದು ಎಚ್ಚರಿಕೆ. ಹಿಂದಿನ ಎಣ್ಣೆಬಣ್ಣಗಳಲ್ಲಿ ಕಣ್ಸೆಳೆಯುವ ಹಳದಿ, ಕಿತ್ತಳೆ, ಕೆಂಪುಗಳಿಗೆ ಆ ಹೊಳಪು ಬರುತ್ತಿದ್ದುದು ಎಷ್ಟೋ ವೇಳೆ ಸೀಸದ ಸಂಯುಕ್ತಗಳಿಂದ. ಸೀಸ ಮಕ್ಕಳ ಮಿದುಳಿಗೆ ವಿಷ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು; 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆದ್ದರಿಂದ ಹೊಸ ಡಬ್ಬ ಕೊಳ್ಳುವಾಗ ‘ಸೀಸರಹಿತ’ ಎಂಬುದನ್ನು ಓದಿ ಕೊಳ್ಳಿ. ಹಳೆಯ ಕಿಟಕಿ ಬಾಗಿಲುಗಳ ಬಣ್ಣವನ್ನು ಒಣಗಿದ್ದಾಗಲೇ ಕೆರೆಯಲು ಪೇಂಟರಿಗೆ ಬಿಡಬೇಡಿ. ನೀರು ಚಿಮುಕಿಸಿ ಒದ್ದೆಯಾಗಿ ಕೆರೆಯಲಿ. ಆ ದಿನಗಳಲ್ಲಿ ಮಕ್ಕಳನ್ನೂ ಬಸುರಿಯರನ್ನೂ ಬೇರೆಡೆ ಇರಿಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಬಾಡಿಗೆ ಮನೆಯಲ್ಲಿರುವವರು ‘ನಮಗಿದೆಲ್ಲ ಎಲ್ಲಿಯದು, ಮೊಳೆ ಹೊಡೆದರೆ ಸಾಕು, ಮಾಲೀಕರು ಮೆಟ್ಟಿಲೇರಿ ಬರುತ್ತಾರೆ’ ಎನ್ನಬಹುದು. ಗೋಡೆ ಅವರದಾದರೆ ನೆಲದ ಮೇಲೆ ಹಾಸುವುದು ನಿಮ್ಮದಲ್ಲವೇ? ನವಲಗುಂದದ ಹೆಂಗಳೆಯರು ನೆಯ್ಯುವ ಜಮಖಾನಗಳಿವೆ. ಕೆಂಪು, ಹಳದಿ, ಹಸುರು, ಕಪ್ಪು ಯಾವುದಕ್ಕೂ ಅಂಜದ ಕೈಗಳು ಅವು. ಅಂಥದೊಂದನ್ನು ಕೊಂಡು ಹಜಾರದಲ್ಲಿ ಹಾಸಿ, ಅದರೊಳಗಿನ ಒಂದೇ ಬಣ್ಣವನ್ನು ಆರಿಸಿ ಪರದೆಗೆ ಬಟ್ಟೆ ತನ್ನಿ. ಮಾಲೀಕರ ಕೆನೆ ಗೋಡೆ ಇದ್ದಲ್ಲೇ ಇರಲಿ. ಮನೆ ಬದಲಿಸುವ ದಿನ ಜಮಖಾನವನ್ನು ಸುತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟರಾಯಿತು.