ಬಾಣಂತಿಯ ನಿದ್ರೆ ಯಾರ ಹೊಣೆ?

ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಲ್ಲಿ ಬಾಣಂತನ ಇನ್ನೂ ಉಳಿದಿದೆ ಎಂದು ಹೇಳುವುದು ರೂಢಿ. ಅಂಟಿನ ಉಂಡೆ ಊರಿನಿಂದ ಬರುತ್ತದೆ, ಎಣ್ಣೆ ಹಚ್ಚಲು ಹೆಂಗಸೊಬ್ಬಳು ಬೆಳಿಗ್ಗೆ ಬಂದುಹೋಗುತ್ತಾಳೆ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಸಭಾಂಗಣ ತುಂಬುತ್ತದೆ. ಆದರೆ ಬಾಣಂತನದ ತಿರುಳು ಉಂಡೆಯಲ್ಲಾಗಲಿ ಎಣ್ಣೆಯಲ್ಲಾಗಲಿ ಇರಲಿಲ್ಲ. ನಡುರಾತ್ರಿ ಕೂಸು ಅತ್ತಾಗ ತಾಯಿಯ ಜೊತೆಗೆ ಏಳುವ ಇನ್ನೊಂದು ಜೀವ ಆ ಮನೆಯಲ್ಲಿತ್ತು. ತವರಿನಲ್ಲಿ ಅಜ್ಜಿ, ಅವ್ವ, ಚಿಕ್ಕಮ್ಮ ಸರದಿಯಂತೆ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಬಾಣಂತಿ ಹಾಲೂಡಿಸಿ ಮತ್ತೆ ಮಗ್ಗುಲಾಗುತ್ತಿದ್ದಳು. ಎರಡು ಕೋಣೆಯ ಫ್ಲ್ಯಾಟಿಗೆ ಉಂಡೆ ಬಂದಿತು, ಆ ಸರದಿ ಬರಲಿಲ್ಲ.

ನವಜಾತ ಶಿಶು ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲು ಕೇಳುತ್ತದೆ. ಹಗಲು ರಾತ್ರಿಗಳ ಭೇದ ಅದರ ದೇಹಕ್ಕೆ ಒಗ್ಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅಷ್ಟು ಕಾಲ ತಾಯಿಯ ನಿದ್ರೆ ಚೂರುಚೂರಾಗಿರುತ್ತದೆ. ಒಂದೊಂದು ಗಂಟೆಯ ಆರು ತುಂಡುಗಳನ್ನು ಕೂಡಿಸಿದರೆ ಲೆಕ್ಕದಲ್ಲಿ ಆರು ಗಂಟೆಯಾದೀತು. ಮೆದುಳಿಗೆ ಆ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಅಳು, ಸಿಡುಕು, ಮರೆವು, ಕಾರಣವಿಲ್ಲದ ಭಯ ಅಲ್ಲಿಂದಲೇ ಬೆಳೆಯಬಹುದು. "ಮಗು ಮಲಗಿದಾಗ ನೀನೂ ಮಲಗು" ಎಂಬ ಉಪದೇಶಕ್ಕೆ ಯಾವ ಮನೆಯಲ್ಲೂ ಕೊರತೆಯಿಲ್ಲ. ಹಾಗೆ ಹೇಳಿದವರೇ ನಾಲ್ಕು ಗಂಟೆಗೆ ಚಹಾ ಆಯಿತೇ ಎಂದು ಕೇಳುವುದೂ ಉಂಟು.

ಹೆರಿಗೆಯಾದ ಮೂರನೆಯ ದಿನದ ಆಸುಪಾಸಿನಲ್ಲಿ ತಾಯಿಗೆ ಕಣ್ಣು ತುಂಬಿ ಬರುವುದು, ಎರಡು ವಾರಗಳೊಳಗೆ ತಾನಾಗಿ ಶಮನವಾಗುವುದು ಬಹುಮಂದಿಯ ಅನುಭವ. ಅದು ರೋಗವಲ್ಲ. ಎರಡು ವಾರಗಳನ್ನು ದಾಟಿ ನಿಂತ ಖಿನ್ನತೆಯ ಮಾತು ಬೇರೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯು ಶೇ. 22ರಷ್ಟು ತಾಯಂದಿರಲ್ಲಿ ಅದನ್ನು ಕಂಡಿತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಸಭಾಂಗಣ ತುಂಬಿ ತೊಟ್ಟಿಲು ತೂಗಿದ ಮನೆಗಳು ಈ ಲೆಕ್ಕದಿಂದ ಹೊರಗಿವೆ ಎಂದು ತಿಳಿಯಲು ಯಾವ ಆಧಾರವೂ ಇಲ್ಲ.

ನಿದ್ರೆಗೆಡುವುದು ಖಿನ್ನತೆಗೆ ಕಾರಣವೂ ಹೌದು, ಲಕ್ಷಣವೂ ಹೌದು. ಇವೆರಡನ್ನು ಬೇರ್ಪಡಿಸಿ ನೋಡುವ ಒಂದು ಸರಳ ದಾರಿಯಿದೆ. 1987ರಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳಲ್ಲಿ ಒಂದು ನಿದ್ರೆಯನ್ನು ಕುರಿತದ್ದು. ಎಷ್ಟು ಗಂಟೆ ಮಲಗಿದೆ ಎಂದು ಅದು ಕೇಳುವುದಿಲ್ಲ. ನಿದ್ರೆ ಬಾರದಷ್ಟು ದುಃಖವಾಗಿದೆಯೇ ಎಂದು ಕೇಳುತ್ತದೆ. ಕೂಸು ಗಾಢ ನಿದ್ರೆಯಲ್ಲಿದ್ದರೂ, ಅದನ್ನು ನೋಡಿಕೊಳ್ಳಲು ಬೇರೆಯವರಿದ್ದರೂ ತಾಯಿ ಸೂರನ್ನು ನೋಡುತ್ತ ಮಲಗಿದ್ದಾಳಾದರೆ ಮನೆಯವರು ಎಚ್ಚರಗೊಳ್ಳಬೇಕು.

ಇನ್ನು ಸಂಬಂಧಗಳ ಮಾತು. ಗೋವೆಯ ತಾಯಂದಿರನ್ನು ಕುರಿತು ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಬಡತನದ ಜೊತೆಗೆ ಎರಡು ಸಂಗತಿಗಳನ್ನು ಎತ್ತಿ ತೋರಿಸಿತು: ಗಂಡನೊಡನೆ ಹದಗೆಟ್ಟ ಸಂಬಂಧ, ಮತ್ತು ಹುಟ್ಟಿದ್ದು ಹೆಣ್ಣು ಎಂಬುದು. ಮಗುವಿನ ಮುಖ ನೋಡಲು ಬಂದವರು "ಇರಲಿ ಬಿಡು, ಲಕ್ಷ್ಮಿ ಬಂದಳು" ಎನ್ನುವಾಗ ಆ "ಇರಲಿ ಬಿಡು" ಯಾರ ಎದೆಗೆ ತಾಗುತ್ತದೆಂದು ಯೋಚಿಸುವುದಿಲ್ಲ. ಮನೆ ತುಂಬ ಜನರಿದ್ದೂ ತಾಯಿ ಒಂಟಿಯಾಗಬಲ್ಲಳು. ಬಂದವರ ಎಣಿಕೆ ಮುಖ್ಯವಲ್ಲ. ಅವರು ಬಂದಾಗ ಅವಳು ಮಲಗಿದ್ದಳೇ, ಅಡುಗೆಮನೆಯಲ್ಲಿ ನಿಂತಿದ್ದಳೇ ಎಂಬುದು ಮುಖ್ಯ.

ಸೂತಕದ ಆಚರಣೆಯನ್ನು ಸುಧಾರಕರು ಆಕ್ಷೇಪಿಸಿದ್ದು ಸರಿಯೇ. ತಾಯ್ತನಕ್ಕೆ ಮೈಲಿಗೆಯ ಹೆಸರು ಕೊಟ್ಟದ್ದು ಅವಮಾನ. ಆದರೂ ಆ ಕತ್ತಲೆಯ ಕೋಣೆ ಅವಳಿಗೆ ಒಲೆಯಿಂದ ಬಿಡುಗಡೆ ಕೊಟ್ಟಿತ್ತು. ನಗರದಲ್ಲಿ ಮೈಲಿಗೆ ಹೋಯಿತು, ಅದರ ಜೊತೆಗೆ ಬಿಡುಗಡೆಯೂ ಹೋಯಿತು. ರಾತ್ರಿಭೋಜನ ತ್ಯಾಗದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಹಾಲೂಡಿಸುವವಳಿಗೆ ಅಪರಾತ್ರಿ ಹಸಿವಾಗುವುದು ಸಹಜ. ಹಸಿದ ಹೊಟ್ಟೆಗೆ ನಿದ್ರೆ ಹತ್ತುವುದಿಲ್ಲ. ವ್ರತವನ್ನು ಪಾಲಿಸುವುದೋ ಸಡಿಲಿಸುವುದೋ ಅವಳ ಆಯ್ಕೆಗೆ ಬಿಟ್ಟದ್ದು. ಅತ್ತೆಯ ಮುಖಕ್ಕೆ ಅಂಜಿ ಹಸಿದಿರುವುದನ್ನು ವ್ರತವೆಂದು ಕರೆಯಲಾಗದು.

ತವರಿನ ಸರದಿ ದೂರದ ನಗರಕ್ಕೆ ಬಾರದಿದ್ದರೆ ಆ ಜಾಗದಲ್ಲಿ ನಿಲ್ಲಬೇಕಾದವನು ಮಗುವಿನ ತಂದೆ. ರಾತ್ರಿ ಒಂಬತ್ತರಿಂದ ಎರಡರವರೆಗೆ ಮಗುವನ್ನು ಅವನು ನೋಡಿಕೊಂಡು, ಹಾಲಿನ ಹೊತ್ತಿಗೆ ಮಾತ್ರ ತಾಯಿಯ ಬಳಿ ತಂದರೂ ಅವಳ ಎಚ್ಚರ ಬಹಳಷ್ಟು ತಗ್ಗುತ್ತದೆ; ಹಿಂಡಿಟ್ಟ ಹಾಲಿದ್ದರೆ ನಾಲ್ಕೈದು ಗಂಟೆಗಳ ಅಖಂಡ ನಿದ್ರೆಯೇ ಸಾಧ್ಯ. ಆದರೆ ಕಾನೂನು ಅವನನ್ನು ತಂದೆಯೆಂದು ಪೂರ್ತಿಯಾಗಿ ಗುರುತಿಸಿಲ್ಲ. 2017ರ ತಿದ್ದುಪಡಿ ಸಂಘಟಿತ ವಲಯದ ತಾಯಿಗೆ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ತಂದೆಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿ 15 ದಿನ. ಖಾಸಗಿ ನೌಕರಿಯಲ್ಲಿ ಕಡ್ಡಾಯವಾಗಿ ಏನೂ ಇಲ್ಲ. ಸರ್ಕಾರವನ್ನು ಕೇಳುವುದು ಇದ್ದೇ ಇದೆ. ಆದರೆ ಸಮಾಜದವರೇ ನಡೆಸುವ ಅಂಗಡಿ, ಕಾರ್ಖಾನೆ, ಶಾಲೆ, ಟ್ರಸ್ಟುಗಳಲ್ಲಿ ದುಡಿಯುವ ತಂದೆಯಂದಿರಿಗೆ ಒಂದು ತಿಂಗಳ ರಜೆ ಕೊಡಲು ಸಂಸತ್ತಿನ ಅಪ್ಪಣೆ ಬೇಕಿಲ್ಲ. ಪಂಚಕಲ್ಯಾಣ ಮಹೋತ್ಸವಕ್ಕೆ ವಾರಗಟ್ಟಲೆ ಬಾಗಿಲು ಮುಚ್ಚುವ ಮಳಿಗೆಗಳಿಗೆ ಇದು ಅಸಾಧ್ಯವೇನಲ್ಲ.

ಸಾವಿರದಲ್ಲಿ ಒಬ್ಬಿಬ್ಬರು ತಾಯಂದಿರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ನಿದ್ರೆ ಸಂಪೂರ್ಣ ಹಾರಿಹೋಗಿ ಭ್ರಮೆ, ಗೊಂದಲ, ವಿಪರೀತ ಚಟುವಟಿಕೆ ತೋರುವುದುಂಟು. ದೃಷ್ಟಿ ತೆಗೆಯುತ್ತ ಕಾಯುವ ಹೊತ್ತು ಅದಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಚಿಕಿತ್ಸೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯದಿಂದ ಕಾಯಿಲೆಯನ್ನು ಮುಚ್ಚಿಡುವ ಮನೆಗಳಿವೆ. ಮಾನಸಿಕ ಆರೋಗ್ಯ ಕಾಯ್ದೆ, 2017ರ ಪ್ರಕಾರ ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಿಭಾಗವಿದೆ.